ನೆಗಡಿ ಹಿಡಿದ ಪೆಟ್ಟಿಗೆಗಳು

ಮದ್ದೂರಿನ ಪೇಟೆ ಬೀದಿಯಲ್ಲಿ ಅಕ್ರಂ ಪಾಷಾ ಸಾಹೇಬರ ಸೈಕಲ್ ಅಂಗಡಿ ಯಾವುದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಾಡು ಎಲ್ಲಿ ಕೇಳುತ್ತದೋ ಅಲ್ಲಿ ನಿಂತರೆ ಸಾಕು, ಅದೇ ಅಂಗಡಿ. ಪಂಕ್ಚರ್ ಹಾಕುವುದು, ಪೆಟ್ರೋಮ್ಯಾಕ್ಸ್ ದೀಪ ರಿಪೇರಿ ಮಾಡುವುದು, ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಡುವುದು ಇವೆಲ್ಲ ಅವರಿಗೆ ಹೊಟ್ಟೆಪಾಡು. ಜೀವ ಇದ್ದದ್ದು ಗ್ರಾಮಫೋನ್ ಪೆಟ್ಟಿಗೆಗಳಲ್ಲಿ. ಮಳವಳ್ಳಿಯ ಕಡೆ ಯಾರ ಮನೆಯಲ್ಲೋ ಒಂದು ಕೆಟ್ಟ ಪೆಟ್ಟಿಗೆ ಬಿದ್ದಿದೆಯಂತೆ ಎಂದು ಸುದ್ದಿ ಸಿಕ್ಕರೆ, ಬ್ರೇಕು ಸರಿಯಾಯಿತೋ ಇಲ್ಲವೋ ನೋಡುತ್ತೇನೆಂದು ಗಿರಾಕಿಯ ಸೈಕಲ್ಲನ್ನೇ ಹತ್ತಿ ಮಳವಳ್ಳಿಯವರೆಗೂ ನೋಡಿಕೊಂಡು ಬರುತ್ತಿದ್ದರು. ಗಿರಾಕಿ ಅಂಗಡಿಯ ಬೆಂಚಿನ ಮೇಲೆ ಕೂತು ಕಾಯಬೇಕು. ಬೇಜಾರಾಗದಿರಲಿ ಎಂದು ಒಂದು ಹಾಡಿನ ಪ್ಲೇಟು ಹಾಕಿ ಹೋಗುವಷ್ಟು ಮರ್ಯಾದೆ ಸಾಹೇಬರಿಗೆ ಇತ್ತು.

ಅವರಿಗೆ ಈ ಹುಚ್ಚು ಹಿಡಿದದ್ದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ, ಆತಗೂರಿನಲ್ಲಿ. ಅಲ್ಲಿನ ಜಮೀನ್ದಾರರಾದ ಜೋಡಿದಾರರ ಮನೆಗೆ ದೀಪ ರಿಪೇರಿಗೆಂದು ಹೋದವರು, ಅಡುಗೆಮನೆಯಲ್ಲಿ ಹೆಂಗಸೊಬ್ಬರು ದೊಡ್ಡ ಹಿತ್ತಾಳೆಯ ಕೊಂಬಿನಂಥದರಲ್ಲಿ ಜಾಡಿಗೆ ಹರಳೆಣ್ಣೆ ಸುರಿಯುತ್ತಿದ್ದುದನ್ನು ಕಂಡರು. ಆ ಕೊಂಬು ಯಾವುದರದು ಎಂದು ವಿಚಾರಿಸಿದಾಗ ಅಟ್ಟದ ಮೇಲೆ ಅದರ ಪೆಟ್ಟಿಗೆಯೂ ಸಿಕ್ಕಿತು. ಅದರೊಳಗೆ ಒಂದು ಕೋಳಿ ಕಾವು ಕೂತಿತ್ತು. ಸಾಹೇಬರು ಅದರ ಬೆಲೆಗೆ ಬದಲು ತಮ್ಮ ಸ್ವಂತ ಸೈಕಲ್ಲನ್ನು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ತಲೆಯ ಮೇಲೆ, ಕೊಂಬನ್ನು ಹೆಗಲ ಮೇಲೆ ಹೊತ್ತು ಮದ್ದೂರಿಗೆ ನಡೆದು ಬಂದರು. ಕೋಳಿಯನ್ನು ಮಾತ್ರ ಜೋಡಿದಾರರು ಕೊಡಲಿಲ್ಲ.

ಪೆಟ್ಟಿಗೆಯ ಜೊತೆ ಒಂದೇ ಒಂದು ಪ್ಲೇಟು ಬಂದಿತ್ತು. ಅಂಚು ಮುರಿದದ್ದು, ಹೆಸರಿನ ಕಾಗದ ಅಳಿಸಿ ಹೋದದ್ದು. ಪೆಟ್ಟಿಗೆಯೊಳಗಿನ ಗ್ರೀಸು ಒಣಗಿ ಪಾಕ ಕಟ್ಟಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ತೊಳೆದು, ದನಿ ಹೊರಡಿಸುವ, ಒಡೆದುಹೋದ ಅಭ್ರಕದ ಬಿಲ್ಲೆಗೆ ಬದಲು ಹೊಲದ ಬದುವಿನಲ್ಲಿ ಸಿಕ್ಕ ಕಾಗೆಬಂಗಾರವನ್ನೇ ಕತ್ತರಿಸಿ ಕೂರಿಸಿ, ಸೈಕಲ್ ಟ್ಯೂಬಿನ ರಬ್ಬರು ಸುತ್ತಿ, ಕೀ ಕೊಟ್ಟು ಮುಳ್ಳು ಇಟ್ಟರು. ಓಟ ಮಂದವಾಗಿತ್ತು. ತಟ್ಟೆ ಊಟ ಮಾಡಿ ಎದ್ದವರ ಹಾಗೆ ನಿಧಾನಕ್ಕೆ ತಿರುಗಿತು. ಒಳಗಿನಿಂದ ಒಬ್ಬ ಹೆಂಗಸು ದೇವರನಾಮ ಹಾಡಿದಳು. ತುಂಬಿದ, ದಪ್ಪವಾದ, ಯಾವ ಅವಸರವೂ ಇಲ್ಲದ ಗಂಟಲು. ಪಾಷಾ ಸಾಹೇಬರು ಕೈಯಲ್ಲಿನ ಸ್ಪ್ಯಾನರು ಕೆಳಗಿಡುವುದನ್ನೂ ಮರೆತು ಕೇಳಿದರು. ಅಂಥ ಸುಖವನ್ನು ಅವರು ಅದುವರೆಗೆ ಕಂಡಿರಲಿಲ್ಲ, ಅದನ್ನು ಹೆಂಡತಿಯ ಎದುರಿಗೇ ಹೇಳಿಯೂ ಬಿಟ್ಟರು.

ಹೆಂಡತಿ ಸುಲ್ತಾನ್ ಬೀ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡಳು. ಗಂಡ ಹೆಂಡತಿ ಮನೆಯಲ್ಲಿ ಆಡುತ್ತಿದ್ದದ್ದು ಉರ್ದು. ಆದರೆ ಗಂಡನನ್ನು ಬೈಯುವಾಗ ಮಾತ್ರ ಆಕೆ ಕನ್ನಡಕ್ಕೆ ಬರುತ್ತಿದ್ದಳು. ಬೈಗುಳ ಬೀದಿಯವರಿಗೂ ಅರ್ಥವಾಗಲಿ ಎಂಬುದು ಆಕೆಯ ಲೆಕ್ಕ.

"ಇದೇನು ಹಾಡ್ರೀ, ಆ ಯಮ್ಮಂಗೆ ನೆಗಡಿ ಆಗದೆ. ಒಂದಿಷ್ಟು ಮೆಣಸಿನ ಕಷಾಯನಾದ್ರೂ ಕುಡ್ಸಿ" ಎಂದು ಒಳಗಿನಿಂದ ಕೂಗಿದಳು. ಎದುರಂಗಡಿಯವರು ನಕ್ಕರು. ಸಾಹೇಬರು ಸಂಗೀತ ತಿಳಿಯದವರ ಜೊತೆ ಏನು ಮಾತು ಎಂದು ಮತ್ತೊಮ್ಮೆ ಕೀ ಕೊಟ್ಟರು.

ಅಲ್ಲಿಂದ ಪೆಟ್ಟಿಗೆಗಳು ಒಂದರ ಹಿಂದೆ ಒಂದು ಬಂದವು. ಯುದ್ಧ ಬಂದು ಪೇಟೆಯಲ್ಲಿ ಉಕ್ಕಿನ ಮುಳ್ಳು ಸಿಗದಂತಾದಾಗ ಜನ, ಇನ್ನು ಇದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಪೆಟ್ಟಿಗೆಗಳನ್ನು ಮೂಲೆಗೆ ಎಸೆದರು. ಸಾಹೇಬರು ಶಿಂಷಾ ದಂಡೆಯಿಂದ ಕಾರೆಮುಳ್ಳು ಕಿತ್ತು ತಂದು, ಎಣ್ಣೆಯಲ್ಲಿ ನೆನೆಹಾಕಿ, ಕತ್ತರಿಯಲ್ಲಿ ಮೊನೆ ಮಾಡಿ, ಅದರಲ್ಲೇ ಹಾಡಿಸಿದರು. ಒಂದು ಟೈರಿಗೆ ಒಂದು ಪೆಟ್ಟಿಗೆ, ಒಂದು ಲಾಂದ್ರಕ್ಕೆ ಇನ್ನೊಂದು, ಹೀಗೆ ವಿನಿಮಯ. ಬಂದ ಪೆಟ್ಟಿಗೆಯನ್ನು ಬಿಚ್ಚಿ, ತೊಳೆದು, ಮರಕ್ಕೆ ಅರಗು ಬಳಿದು, ಹೊಸ ಮದುವಣಗಿತ್ತಿಯ ಹಾಗೆ ಮಾಡಿ, ಆಮೇಲೆ ಯಾರಿಗೂ ಕೊಡುತ್ತಿರಲಿಲ್ಲ. ರಿಪೇರಿಗೆ ಬಂದದ್ದನ್ನು ಹಿಂದಕ್ಕೆ ಕೊಡುವುದಕ್ಕೂ ಅವರಿಗೆ ಕೈ ಬರುತ್ತಿರಲಿಲ್ಲ. ನಿಡಘಟ್ಟದಲ್ಲಿ ಆಲೆಮನೆ ಇಟ್ಟುಕೊಂಡಿದ್ದ ಬೋರಯ್ಯ ತನ್ನ ಪೆಟ್ಟಿಗೆಗಾಗಿ ಅಲೆದು ಅಲೆದು ಚಪ್ಪಲಿ ಸವೆಸಿದ. ಪ್ರತಿ ಸಲವೂ ಸಾಹೇಬರ ಉತ್ತರ ಒಂದೇ: ಇನ್ನೂ ಸ್ವಲ್ಪ ಕೆಲಸ ಇದೆ, ನಾಳೆ ಬನ್ನಿ. ಕೊನೆಗೆ ಬೋರಯ್ಯ ಮಗಳ ಮದುವೆಯ ಹಿಂದಿನ ದಿನ ಗಾಡಿ ಕಟ್ಟಿಕೊಂಡು ಬಂದು, ಪೆಟ್ಟಿಗೆ ಕೊಡದಿದ್ದರೆ ಸಾಹೇಬರನ್ನೇ ಹೊತ್ತು ಹೋಗಿ ಚಪ್ಪರದಲ್ಲಿ ಕೂರಿಸುತ್ತೇನೆ ಎಂದ ಮೇಲೆ ಅದು ಹೊರಬಿತ್ತು.

ಮನೆ ಇದ್ದದ್ದು ಅಂಗಡಿಯ ಹಿಂದುಗಡೆ, ಒಂದು ಕೋಣೆ, ಒಂದು ಅಡುಗೆಮನೆ. ಮಂಚದ ಕೆಳಗೆ ಪೆಟ್ಟಿಗೆ, ಮಂಚದ ಮೇಲೆ ಪೆಟ್ಟಿಗೆ, ಅಕ್ಕಿ ಡಬ್ಬದ ಪಕ್ಕದಲ್ಲಿ ಪೆಟ್ಟಿಗೆ. ಗುರುತಿಗಾಗಿ ಸುಲ್ತಾನ್ ಬೀ ಒಂದೊಂದಕ್ಕೂ ಅದರ ಹಳೆಯ ಯಜಮಾನರ ಹೆಸರಿಟ್ಟಿದ್ದಳು. "ಶಾನುಭೋಗ್ರನ್ನ ಒಸಿ ಆ ಕಡೆ ಎತ್ತಿ ಮಡಗ್ರೀ, ರೊಟ್ಟಿ ತಟ್ಬೇಕು" ಎಂದು ಆಕೆ ಗದರುವುದು, ಸಾಹೇಬರು ಶಾನುಭೋಗರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಜಾಗ ಹುಡುಕುತ್ತಾ ನಿಲ್ಲುವುದು ದಿನನಿತ್ಯದ ಕಥೆ. ಆತಗೂರಿನ ಕೊಂಬಿನ ಪೆಟ್ಟಿಗೆಗೆ ಮಾತ್ರ ಆಕೆ ಬೇರೆ ಹೆಸರಿಟ್ಟಿದ್ದಳು. ಅದು ಸವತಿ.

ಒಂದು ಪೆಟ್ಟಿಗೆ ರಿಪೇರಿ ಆಯಿತೆಂದರೆ ಅದರ ಓಟವನ್ನು ಹದಕ್ಕೆ ತರಬೇಕು. ತಟ್ಟೆಯ ಪಕ್ಕದಲ್ಲಿ ಅದಕ್ಕೊಂದು ಸಣ್ಣ ಸ್ಕ್ರೂ ಇರುತ್ತದೆ. ಈ ಕಡೆ ತಿರುಗಿಸಿದರೆ ನಿಧಾನ, ಆ ಕಡೆ ತಿರುಗಿಸಿದರೆ ಜೋರು. ಸ್ಕ್ರೂವಿನ ಹತ್ತಿರ ಇಂಗ್ಲಿಷಿನಲ್ಲಿ ಅಂಕಿಗಳೂ ಇದ್ದವು. ಅವು ಸಾಮಾನಿನ ನಂಬರು ಎಂದು ಸಾಹೇಬರು ಬಹಳ ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದರು. ಅವರ ಹದ ಬೇರೆ. ಮೊದಲು ಸವತಿಯ ಮೇಲೆ ಆತಗೂರಿನ ಪ್ಲೇಟು ಹಾಕುವುದು. ಹಾಡನ್ನು ಕಿವಿಯಲ್ಲಿ ತುಂಬಿಕೊಂಡು, ಗುನುಗುತ್ತಲೇ, ದಾರಿಯಲ್ಲಿ ಯಾರ ಹತ್ತಿರವೂ ಮಾತನಾಡದೆ, ಅದೇ ಪ್ಲೇಟನ್ನು ರಿಪೇರಿಯಾದ ಪೆಟ್ಟಿಗೆಗೆ ಒಯ್ಯುವುದು. ತಮ್ಮ ಗುನುಗಿಗೆ ಹಾಡು ಸರಿಹೊಂದುವವರೆಗೂ ಸ್ಕ್ರೂ ತಿರುಗಿಸುವುದು. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಹಾಡುತ್ತಿದ್ದ ಪೆಟ್ಟಿಗೆಗಳೆಲ್ಲ ಹೆಚ್ಚುಕಮ್ಮಿ ಅವರ ಕೈಯಲ್ಲೇ ಹಾದುಹೋದವು. ಹಾಗಾಗಿ ಸೀಮೆಗೆ ಸೀಮೆಯೇ ಅದೇ ಹದದಲ್ಲಿ ಹಾಡು ಕೇಳಿ, ಹಾಡೆಂದರೆ ಹೀಗೇ ಇರುವುದು ಎಂದು ತಿಳಿದುಕೊಂಡಿತ್ತು. ಮೈಸೂರಿನಿಂದ ವರ್ಗವಾಗಿ ಬಂದ ರಾಮಾನುಜ ಮೇಷ್ಟರು ಒಂದು ಸಲ, ಯಾಕೋ ನಿಮ್ಮ ಪೆಟ್ಟಿಗೆ ಸ್ವಲ್ಪ ಎಳೆಯುತ್ತದಲ್ಲ ಎಂದರು. ಮೈಸೂರಿನವರು ಎಲ್ಲದಕ್ಕೂ ಅವಸರ ಮಾಡುತ್ತಾರೆ ಎಂದು ಸಾಹೇಬರು ಅವರಿಗೆ ಚಹಾ ತರಿಸಿ ಕೊಟ್ಟು ಕಳಿಸಿದರು.

ಯುದ್ಧ ಮುಗಿದ ಮರುವರ್ಷ ಸಂತೆಗೆ ಬಂದಿದ್ದ ವೈದ್ಯನಾಥಪುರದ ಯಶೋದಮ್ಮ ಅಂಗಡಿಯ ಮುಂದೆ ನಿಂತರು. ವಯಸ್ಸು ಐವತ್ತರ ಹತ್ತಿರ. ಕಂಕುಳಲ್ಲಿ ಅರಿಸಿನ ಬಣ್ಣದ ಬಟ್ಟೆಯ ಗಂಟು. ಮಾತನಾಡಿದರೆ ಗಂಟಲು ಗರಗರ ಎನ್ನುತ್ತಿತ್ತು. ಬಟ್ಟೆ ಬಿಚ್ಚಿದರು, ಒಳಗೆ ಒಂದು ಪ್ಲೇಟು ಇತ್ತು. ನಡುವಿನ ಕಾಗದವನ್ನು ಜಿರಲೆ ಪೂರ್ತಿ ತಿಂದುಹಾಕಿತ್ತು. ಇದರಲ್ಲಿ ನಾನು ಹಾಡಿದ್ದೇನೆ, ಒಂದು ಸಲ ಕೇಳಿಸಿ ಎಂದರು.

ಆಮೇಲೆ ಅಷ್ಟಷ್ಟಾಗಿ ವಿಷಯ ಹೊರಬಂತು. ಅವರ ತವರು ಮದ್ದೂರೇ. ತಂದೆ ನಾಟಕದ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಪ್ಲೇಟು ಮಾಡುವ ಇಂಗ್ಲಿಷ್ ದೊರೆಗಳು ಬೆಂಗಳೂರಿಗೆ ಬಂದಿದ್ದಾಗ ಮಗಳನ್ನು ಕರೆದುಕೊಂಡು ಹೋಗಿ, ಒಂದು ಕೊಂಬಿನ ಮುಂದೆ ನಿಲ್ಲಿಸಿ ಹಾಡಿಸಿದರು. ಪ್ಲೇಟು ತಯಾರಾಗಿ ಬರುವ ಹೊತ್ತಿಗೆ ಯಶೋದಮ್ಮನಿಗೆ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಹಾಡುವ ಹೆಣ್ಣು ಎಂದರೆ ಮೂಗು ಮುರಿಯುತ್ತಿದ್ದರು, ಆದ್ದರಿಂದ ಪ್ಲೇಟು ಬಟ್ಟೆಯ ಟ್ರಂಕಿನ ತಳ ಸೇರಿತು. ಮುಂದೆ ವಿಷಮಶೀತ ಜ್ವರ ಬಂದು ಗಂಟಲೇ ಹೋಯಿತು. ಈಗ ಗಂಡ ಇಲ್ಲ, ಬೇಡ ಎನ್ನುವವರೂ ಇಲ್ಲ. ಸೊಸೆ ಮಂಗಳಮ್ಮನ ಹತ್ತಿರ ಯಾವಾಗಲೋ, ನಾನೂ ಒಂದು ಕಾಲದಲ್ಲಿ ಹಾಡುತ್ತಿದ್ದೆ ಕಣಮ್ಮ ಎಂದದ್ದಕ್ಕೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ತಾನು ಹೇಗೆ ಹಾಡುತ್ತಿದ್ದೆ ಎಂಬುದು ಈಗ ಯಶೋದಮ್ಮನಿಗೂ ಸರಿಯಾಗಿ ನೆನಪಿಲ್ಲ. ಸಾಯುವುದರೊಳಗೆ ಒಮ್ಮೆ ಕೇಳಬೇಕು, ಅಷ್ಟೇ.

ಪಾಷಾ ಸಾಹೇಬರು ತಕ್ಷಣ ಸವತಿಯನ್ನು ತಂದು ಬೆಂಚಿನ ಮೇಲೆ ಇಟ್ಟರು. ಕೊಂಬು ಒರೆಸಿದರು. ಹೊಸ ಕಾರೆಮುಳ್ಳು ಸಿಕ್ಕಿಸಿದರು. ಈ ಪೆಟ್ಟಿಗೆಯಲ್ಲಿ ಹಾಡಿಸಿಕೊಳ್ಳಲಿಕ್ಕೂ ಪುಣ್ಯ ಬೇಕು ಎಂಬ ಅರ್ಥದಲ್ಲಿ ಒಂದು ಸಣ್ಣ ಭಾಷಣವನ್ನೂ ಮಾಡಿದರು. ಯಶೋದಮ್ಮ ಬೆಂಚಿನ ತುದಿಯಲ್ಲಿ ಕೂತು ಎರಡೂ ಕೈಯನ್ನು ಮಡಿಲಲ್ಲಿ ಬಿಗಿಹಿಡಿದುಕೊಂಡಿದ್ದರು. ಹಾಡು ಶುರುವಾಯಿತು. ಎಳೆದೆಳೆದು, ದಪ್ಪಗೆ, ಮೂಗು ಕಟ್ಟಿದಂಥ ಗಂಟಲು, ಗಂಡಸಿನದೋ ಹೆಂಗಸಿನದೋ ಎಂದು ಅನುಮಾನ ಬರುವ ಹಾಗೆ. ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ಪಲ್ಲವಿ ಮುಗಿಯುವುದರೊಳಗೆ ಯಶೋದಮ್ಮ ಕೈ ಎತ್ತಿ ನಿಲ್ಲಿಸಲು ಹೇಳಿದರು.

"ಇದು ನಾನಲ್ಲ ಸಾಬ್ರೇ. ಯಾರೋ ಬ್ಯಾರೆಯೋರು. ಇಷ್ಟು ವರ್ಸ ಯಾರ್ದೋ ಪ್ಲೇಟ್ನ ಅರಿಸಿನದ ಬಟ್ಟೇಲಿ ಸುತ್ತಿ ಮಡೀಕಂಡಿದ್ನಲ್ಲ. ನೀವೇ ಮಡೀಕಳಿ."

ಖಾಲಿ ಬಟ್ಟೆಯನ್ನು ಮಡಿಸಿಕೊಂಡು ಆಕೆ ಎದ್ದುಹೋದರು. ಸಾಹೇಬರಿಗೆ ಸುಮ್ಮನೆ ಒಂದು ಪ್ಲೇಟು ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಯೇ ಆಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವರು ಇದ್ದದ್ದೇ ಹಾಗೆ. ಎಲ್ಲಾದರೂ ಗೀರು ಬಿದ್ದಿದೆಯೋ ನೋಡೋಣ ಎಂದು ಪ್ಲೇಟನ್ನು ಮೊದಲಿನಿಂದ ಕೊನೆಯವರೆಗೂ ಹಾಕಿದರು.

ಹಳೆಯ ಕಾಲದ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ತಾವೇ ಹೇಳುವ ಪದ್ಧತಿ ಇತ್ತು. ಈ ಪ್ಲೇಟಿನಲ್ಲೂ ಹಾಡು ಮುಗಿಯಿತು. ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಅದೇ ದಪ್ಪ ಗಂಟಲು, ಸಂತೆಗೆ ಹೊರಟ ಎತ್ತಿನ ಹಾಗೆ ನಿಧಾನಕ್ಕೆ, ಹೇಳಿತು: "ನಾನು ಮದ್ದೂರು ಯಶೋದೆ."

ಸಾಹೇಬರು ಮುಳ್ಳು ಎತ್ತಿ ಹಿಂದಕ್ಕಿಟ್ಟು ಇನ್ನೊಮ್ಮೆ ಕೇಳಿದರು. ಅದೇ ಮಾತು. ಹಾಗಾದರೆ ಪ್ಲೇಟು ಆಕೆಯದೇ. ಪ್ಲೇಟು ಆಕೆಯದು, ಗಂಟಲು ಆಕೆಯದಲ್ಲ ಎಂದರೆ ನಡುವೆ ಸುಳ್ಳು ಹೇಳುತ್ತಿರುವವರು ಯಾರು? ಪ್ಲೇಟಿಗೂ ಕಿವಿಗೂ ನಡುವೆ ಇದ್ದವಳು ಸವತಿ ಒಬ್ಬಳೇ. ಸವತಿ ಸುಳ್ಳಿಯಾದರೆ ಶಾನುಭೋಗರೂ ಸುಳ್ಳು, ಬೋರಯ್ಯನ ಪೆಟ್ಟಿಗೆಯೂ ಸುಳ್ಳು, ಸೀಮೆಯ ಎಲ್ಲ ಚಪ್ಪರಗಳಲ್ಲಿ ಇಷ್ಟು ವರ್ಷ ಹಾಡಿದ್ದೆಲ್ಲ ಸುಳ್ಳು. 

ಬಾಗಿಲ ಪರದೆಯ ಹಿಂದೆ ನಿಂತು ಸುಲ್ತಾನ್ ಬೀ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ಬೀದಿಯೆಲ್ಲ ಕೇಳುವ ಹಾಗೆ ಕನ್ನಡ ಬರುತ್ತದೆ ಎಂದು ಸಾಹೇಬರು ತಲೆ ತಗ್ಗಿಸಿ ಕಾದರು. ಬರಲಿಲ್ಲ. ಆಕೆ ಮೆಲ್ಲಗೆ, ಆ ತಾಯಿ ಕಣ್ಣು ಒರೆಸಿಕೊಂಡು ಹೋದರು, ನೀವು ನೋಡಲಿಲ್ಲವೇ ಎಂದು ಕೇಳಿದಳು. ಸಾಹೇಬರು ನೋಡಿರಲಿಲ್ಲ, ಪ್ಲೇಟನ್ನು ನೋಡುತ್ತಿದ್ದರು. ಅವರಿಗೆ ನಾಚಿಕೆಯಾಯಿತು. ಎಂದೂ ಆಗದಷ್ಟು ಆಯಿತು.

ಸ್ಕ್ರೂವಿನ ಮೇಲೆ ಬೆರಳಿಟ್ಟರೆ ಬೆರಳು ತಿರುಗಲೊಲ್ಲದು. ತಿರುಗಿಸಿದರೆ ಆತಗೂರಿನ ಹಾಡೂ ಕೆಡುತ್ತದೆ. ಆ ತುಂಬಿದ ಗಂಟಲಿನ ಹೆಂಗಸು ಮತ್ತೆ ಸಿಗುವುದಿಲ್ಲ. ಕೊನೆಗೆ ಉಪಾಯ ಮಾಡಿ, ಸ್ಕ್ರೂ ಇದ್ದ ಜಾಗಕ್ಕೆ ಮೊಳೆಯಿಂದ ಒಂದು ಗೆರೆ ಎಳೆದರು. ಬೇಕೆಂದಾಗ ಹಿಂದಕ್ಕೆ ಬರಲು ಒಂದು ದಾರಿ ಇರಲಿ ಎಂದು. ಮಾರನೆಯ ದಿನ ಬೆಳಿಗ್ಗೆ ಪೆಟ್ಟಿಗೆಯನ್ನೂ ಪ್ಲೇಟನ್ನೂ ಅಂಗಡಿಯ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿ, ಕೊಂಬನ್ನು ಕೊರಳಿಗೆ ನೇತುಹಾಕಿಕೊಂಡು ವೈದ್ಯನಾಥಪುರದ ದಾರಿ ಹಿಡಿದರು. ಹೊಲದಲ್ಲಿದ್ದವರು, ಸಾಬ್ರೇ ಯಾರ ಮೆರವಣಿಗೆ ಎಂದು ಕೇಳಿದರು. ಸಾಹೇಬರು ಇನ್ನಷ್ಟು ಜೋರಾಗಿ ಪೆಡಲು ತುಳಿದರು.

ಯಶೋದಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಮಂಗಳಮ್ಮ ಬಾಗಿಲಲ್ಲಿ ಬಂದು ನಿಂತಳು. ಸಾಹೇಬರು ಪೆಟ್ಟಿಗೆ ಇಳಿಸಿ, ಟೋಪಿ ಸರಿಮಾಡಿಕೊಂಡು, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ದೊಡ್ಡ ಮಾತುಗಳನ್ನೆಲ್ಲ ಮರೆತರು.

"ಯಶೋದಮ್ನೋರೇ, ಪ್ಲೇಟು ನಿಮ್ದೇ. ತಪ್ಪು ನಂದು. ಪೆಟ್ಟಿಗೆ ನಿಧಾನ ಓಡ್ತಾ ಅದೆ, ಎಲ್ಲೀವರ್ಗೂ ಜೋರು ಮಾಡ್ಬೇಕು ಅಂತ ನನ್ನ ಕಿವಿಗೆ ಗೊತ್ತಾಗಾಕಿಲ್ಲ. ನೀವೇ ಯೋಳ್ಬೇಕು."

ತನಗೆ ಗೊತ್ತಾಗುವುದಿಲ್ಲ ಎಂಬ ಮಾತು ಅಕ್ರಂ ಪಾಷಾ ಸಾಹೇಬರ ಬಾಯಿಂದ ಬಂದದ್ದನ್ನು ಪೇಟೆ ಬೀದಿಯವರು ಯಾರಾದರೂ ಕೇಳಿದ್ದರೆ ಆ ದಿನ ಅಂಗಡಿ ಮುಚ್ಚಿ ಹಬ್ಬ ಮಾಡುತ್ತಿದ್ದರು. ಯಶೋದಮ್ಮ ನಂಬಲೂ ಇಲ್ಲ, ಬೇಡವೆನ್ನಲೂ ಇಲ್ಲ. ಸಾಹೇಬರು ಕೀ ಕೊಟ್ಟರು. ಮುಳ್ಳು ಇಟ್ಟರು. ಆ ದಪ್ಪ ಗಂಟಲು ಶುರುವಾಯಿತು. ಮಂಗಳಮ್ಮನ ಕೈ ಆಗಲೇ ಸೆರಗಿನ ಕಡೆ ಹೋಗಿತ್ತು. ಸಾಹೇಬರು ಸ್ಕ್ರೂವನ್ನು ಗೆರೆಯಿಂದ ಆಚೆಗೆ ಸ್ವಲ್ಪ ತಿರುಗಿಸಿದರು.

"ಇನ್ನೂ ಒಸಿ" ಎಂದರು ಯಶೋದಮ್ಮ.

ಇನ್ನೂ ಸ್ವಲ್ಪ ತಿರುಗಿತು. ಮೂಗು ಬಿಟ್ಟುಕೊಂಡಿತು, ಗಂಟಲು ತಿಳಿಯಾಯಿತು. ಯಶೋದಮ್ಮ ಮತ್ತೆ ಬಾಯಿ ತೆರೆದು ಹೇಳಲಿಲ್ಲ, ಬೆರಳಿನಲ್ಲಿ ತೋರಿಸಿದರು. ಸಾಹೇಬರು ತಿರುಗಿಸುತ್ತಾ ಹೋದರು. ಒಂದು ಕಡೆ ಆ ಬೆರಳು ನಿಂತುಬಿಟ್ಟಿತು. ಈಗ ಪೆಟ್ಟಿಗೆಯೊಳಗೆ ಹಾಡುತ್ತಿದ್ದದ್ದು ಒಬ್ಬ ಹುಡುಗಿ. ಹದಿನಾರೋ ಹದಿನೇಳೋ ಇರಬಹುದು. ಸ್ವಲ್ಪ ಹೆದರಿದ್ದಾಳೆ, ಹೆದರಿಕೆಯಲ್ಲೇ ಮೇಲಿನ ಸ್ವರಕ್ಕೆ ಹಾರಿ ಹಿಡಿದು, ಹಿಡಿದದ್ದಕ್ಕೆ ತನಗೇ ಸಂತೋಷವಾಗಿ ಇನ್ನೊಂದು ಸುತ್ತು ಸುತ್ತಿ ಇಳಿಯುತ್ತಾಳೆ. ಯಶೋದಮ್ಮ ಮಡಿಲಲ್ಲಿದ್ದ ಅವರೆಕಾಳನ್ನೆಲ್ಲ ಮರೆತು ಮುಂದಕ್ಕೆ ಬಾಗಿದ್ದರು. ಅಳು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹಾಡು ಮುಗಿದು ಕರಕರ ಸದ್ದು ಬಂದಾಗ, ಅಪ್ಪ ಬೆನ್ನ ಮೇಲೆ ತಟ್ಟಿ ಹೆಸರು ಹೇಳು ಎಂದಿದ್ದು ಈಗ ನೆನಪಾಯಿತು ಎಂದರು. ಆಮೇಲೆ ಪೆಟ್ಟಿಗೆಯ ಜೊತೆಯಲ್ಲೇ, ತಮ್ಮ ಒಡೆದ ಗಂಟಲಿನಲ್ಲಿ ಹೇಳಿದರು: "ನಾನು ಮದ್ದೂರು ಯಶೋದೆ."

ಮಂಗಳಮ್ಮ ಪೆಟ್ಟಿಗೆಯನ್ನು ನೋಡಲಿಲ್ಲ, ಅತ್ತೆಯನ್ನು ನೋಡುತ್ತಿದ್ದಳು. ಸೆರಗು ಕೆಳಗೆ ಬಿಟ್ಟು, "ಅತ್ತೆ, ಇನ್ನೊಂದ್ಸಲ ಆಕುಸ್ರೀ" ಎಂದಳು.

ಪ್ಲೇಟು ಮತ್ತೆ ಮತ್ತೆ ತಿರುಗಿತು. ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು. ಹೊತ್ತು ಏರಿ, ಸಾಹೇಬರು ಹೊರಡಲು ಎದ್ದರು. ಪೆಟ್ಟಿಗೆಯ ಕಡೆ ನೋಡಿದರು. ಯಶೋದಮ್ಮ ಅದರ ಕೊಂಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ಇದು ಇಲ್ಲೇ ಇರಲಿ, ನಾಳೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಸಾಹೇಬರು ಖಾಲಿ ಸೈಕಲ್ಲು ಹತ್ತಿದರು. ನಾಲ್ಕಾರು ದಿನವಾದ ಮೇಲೆ ಯಶೋದಮ್ಮ ಹೇಳಿ ಕಳಿಸಿದರು. ಸಾಹೇಬರು, ಸ್ವಲ್ಪ ಕೆಲಸ ಇದೆ, ನಾಳೆ ಬರುತ್ತೇನೆ ಎಂದರು. ಅವರ ನಾಳೆ ಎಂದರೆ ಏನು ಎಂಬುದು ಸೀಮೆಗೆಲ್ಲ ಗೊತ್ತಿತ್ತು. ಮುಂದಿನ ವರ್ಷ ಆಗಸ್ಟಿನಲ್ಲಿ ಊರೂರಿನಲ್ಲಿ ಬಾವುಟ ಹಾರಿದಾಗ ವೈದ್ಯನಾಥಪುರದವರು ಕಂಬದ ಕೆಳಗೆ ಆ ಪೆಟ್ಟಿಗೆಯನ್ನೇ ಇಟ್ಟು ಯಶೋದಮ್ಮನ ಪ್ಲೇಟು ಹಾಕಿದರು.

ಸಾಹೇಬರು ಹೇಳಿದ ಆ ಸ್ವಲ್ಪ ಕೆಲಸ ಏನೆಂದರೆ, ವೈದ್ಯನಾಥಪುರದಿಂದ ಬಂದ ದಿನದಿಂದ ಅವರು ಪೆಟ್ಟಿಗೆಗಳ ನೆಗಡಿ ಬಿಡಿಸಲು ಕೂತಿದ್ದರು. ಯಶೋದಮ್ಮನ ಬೆರಳು ನಿಂತ ಹದ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಮನೆಯಲ್ಲಿದ್ದವನ್ನೆಲ್ಲ ಸರಿಮಾಡಿ, ಹೊರಗಿನವನ್ನೂ ಹುಡುಕಿಕೊಂಡು ಹೋಗಿ ಸರಿಮಾಡಿದರು. ಬೋರಯ್ಯ ಒಂದು ವಾರಕ್ಕೆ ಓಡಿ ಬಂದ. "ಸಾಬ್ರೇ, ಅದೇನ್ ಮಾಡುದ್ರಿ? ಇದ್ಲಲ್ಲಿ ಓಡೋ ಬಸ್ ತಪ್ಪೋಯ್ತದೆ ಅನ್ನಂಗೆ ಆಡ್ತಾ ಅದಲ್ಲ ನಮ್ ಪೆಟ್ಗೆ" ಎಂದ. ಇಷ್ಟು ವರ್ಷ ನಾನೇ ತಪ್ಪು ಮಾಡಿದ್ದೆ ಎಂದು ಸಾಹೇಬರು ಬಿಡಿಸಿ ಹೇಳಿದರು. ಬೋರಯ್ಯ ನಂಬಲಿಲ್ಲ. ಸಾಬರಿಗೆ ವಯಸ್ಸಾಯಿತು, ಕೈ ಜಾರಿದೆ ಎಂದು ನಿಡಘಟ್ಟದಲ್ಲೆಲ್ಲ ಹೇಳಿಕೊಂಡು ಬಂದ.

ಕೊನೆಗೆ ಉಳಿದದ್ದು ಆತಗೂರಿನ ಪ್ಲೇಟು. ಅದನ್ನು ಶಾನುಭೋಗರ ಮೇಲೆ ಹಾಕಿದರು. ಅದರಲ್ಲೂ ಒಬ್ಬ ಎಳೆಯ ಹುಡುಗಿಯೇ ಹಾಡಿದಳು. ಚೆನ್ನಾಗಿಯೇ ಹಾಡಿದಳು, ಆದರೆ ಸಾಹೇಬರಿಗೆ ಗುರುತಿನವಳಲ್ಲ.

"ಇಷ್ಟು ವರ್ಸ ಯಾರೋ ದಪ್ಪನೆ ಅಜ್ಜಿ ಅಂತ ಸುಮ್ಕಿದ್ದೆ. ಹುಡ್ಗಿ ಅಂತ ಗೊತ್ತಿದ್ರೆ ಅವತ್ತೇ ಒಲೆಗೆ ಆಕ್ತಿದ್ದೆ" ಎಂದು ಸುಲ್ತಾನ್ ಬೀ ಕೂಗಿದಳು. ಎದುರಂಗಡಿಯವರು ನಕ್ಕರು. ಸಾಹೇಬರು ನಗಲಿಲ್ಲ. ಮುಳ್ಳು ಎತ್ತಿ ಪಕ್ಕಕ್ಕಿಟ್ಟು, ಸ್ಕ್ರೂ ಹಿಂದಕ್ಕೆ ತಿರುಗಿಸಿ ನೋಡಿದರು. ಹಾಡು ಎಳೆಯಿತು, ಹಳೆಯ ಹದಕ್ಕೆ ಬರಲಿಲ್ಲ. ಗೆರೆ ಎಳೆದಿದ್ದ ಪೆಟ್ಟಿಗೆ ವೈದ್ಯನಾಥಪುರದಲ್ಲಿತ್ತು. ಗುನುಗೋಣ ಎಂದರೆ ಕಿವಿಯ ತುಂಬ ಯಶೋದಮ್ಮನ ಓಟವೇ ಕೂತಿತ್ತು. ಅವರು ಸ್ಕ್ರೂ ಬಿಟ್ಟು ಕೈ ಒರೆಸಿಕೊಂಡರು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಸುಲ್ತಾನ್ ಬೀ ಕೈ ನಿಲ್ಲಿಸಿದಳು. ಬೀದಿಗೆ ಕೇಳದ ಹಾಗೆ, ಉರ್ದುವಿನಲ್ಲಿ, ಒಂದನ್ನಾದರೂ ಹಳೇ ಥರಾನೇ ಇಡಿ, ನನಗೂ ಅದೇ ಅಭ್ಯಾಸವಾಗಿ ಹೋಗಿದೆ ಎಂದಳು. ಆ ಹದ ಈಗ ನನಗೇ ಸಿಗುತ್ತಿಲ್ಲ ಎಂದು ಸಾಹೇಬರು ಹೇಳಿದರು.  ಆಕೆ ಮತ್ತೆ ರೊಟ್ಟಿ ತಟ್ಟುತ್ತಾ, ಆ ಹಾಡನ್ನು ಪಲ್ಲವಿಯಿಂದ ಹಿಡಿದು, ನಿಧಾನಕ್ಕೆ, ಎಲ್ಲೂ ಅವಸರವಿಲ್ಲದೆ, ಒಂದು ಎಳೆತವೂ ತಪ್ಪದ ಹಾಗೆ ಗುನುಗತೊಡಗಿದಳು. ಪಾಷಾ ಸಾಹೇಬರು ಶಾನುಭೋಗರನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಇಟ್ಟು, ಹೆಂಡತಿಯ ಗುನುಗಿಗೆ ಸರಿಹೊಂದುವವರೆಗೂ ಸ್ಕ್ರೂ ತಿರುಗಿಸಿದರು.